ಮಕ್ಕಳನ್ನು ಮಲಗಿಸುತ್ತಿದ್ದ ಸೀಸೆ

ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಮೊದಲ ಮಾತು: ಹಳೆಯ ಔಷಧಿಯ ಸೀಸೆ ಕೈಗೆ ಬಂದರೆ ಅದನ್ನು ಅಲ್ಲಾಡಿಸಬೇಡಿ.

ನಗಬೇಡಿ. ಮೈಸೂರಿನಲ್ಲಿ ಫಾರ್ಮಸಿ ಓದಿ, ಮದುವೆಗೆ ಮುಂಚೆ ಸ್ವಲ್ಪ ಕಾಲ ಔಷಧಿ ಅಂಗಡಿಯಲ್ಲಿ ನಿಂತು, ಬಂದವರಿಗೆಲ್ಲ "ಚೆನ್ನಾಗಿ ಅಲ್ಲಾಡಿಸಿ ಕುಡಿಸಿ" ಎಂದು ಹೇಳಿ ಹೇಳಿ ನನ್ನ ಕೈಗೆ ಅದೇ ಅಭ್ಯಾಸವಾಗಿತ್ತು. ಅಮೆರಿಕಕ್ಕೆ ಬಂದು ಆನ್ ಆರ್ಬರ್ ಹತ್ತಿರದ ಮ್ಯೂಸಿಯಂಗೆ ಸೇರಿದ ಮೊದಲ ವಾರ, ನೂರು ವರ್ಷಕ್ಕೂ ಹಳೆಯದಾದ ಕೆಮ್ಮಿನ ಔಷಧಿಯೊಂದನ್ನು ಎತ್ತಿಕೊಂಡೆ. ಲೇಬಲ್ ಓದುವ ಮೊದಲೇ ಕೈ ತನ್ನ ಪಾಡಿಗೆ ತಾನು ಅದನ್ನು ಅಲ್ಲಾಡಿಸಿಬಿಟ್ಟಿತು. ತಳದಲ್ಲಿ ಪದರ ಪದರವಾಗಿ ಕೂತಿದ್ದ ಗಸಿಯೆಲ್ಲ ಎದ್ದು ಕಲಸಿಹೋಯಿತು. ಆ ಪದರಗಳನ್ನು ನೋಡಿಯೇ ಒಳಗೆ ಏನೇನು ಬೆರೆಸಿದ್ದರು ಎಂದು ಊಹಿಸಬೇಕೆಂದು ನನ್ನ ಮೇಲಧಿಕಾರಿ ಡೊರೊಥಿ ತಿಂಗಳುಗಟ್ಟಲೆ ಅದನ್ನು ಅಲುಗಾಡದಂತೆ ಕಾಪಾಡಿಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಬಯ್ಯಲಿಲ್ಲ. "ಇನ್ನೇನು, ಒಂದು ಚಮಚ ಕುಡಿದುಬಿಡು, ಅದೊಂದು ಬಾಕಿ" ಎಂದು ಹೇಳಿ ಚಹಾ ಮಾಡಲು ಹೋದಳು.

ನಾನು ಆ ಕೆಲಸಕ್ಕೆ ಹೋದದ್ದೇ ಒಂದು ತಮಾಷೆ. ನಮ್ಮವರಿಗೆ ವಾರೆನ್‌ನಲ್ಲಿ ಕಾರಿನ ಕಂಪನಿಯ ಕೆಲಸ. ನನಗೆ ಇಲ್ಲಿ ಫಾರ್ಮಸಿಸ್ಟ್ ಆಗಬೇಕೆಂದರೆ ಮತ್ತೆ ಓದಬೇಕು, ಮತ್ತೆ ಪರೀಕ್ಷೆ ಕೊಡಬೇಕು. ಮಗ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಹಳೆಯ ಔಷಧಿಗಳನ್ನು ಗುರುತಿಸಿ ವಿವರ ಬರೆಯಲು ಜನ ಬೇಕು ಎಂಬ ಸುದ್ದಿ ಸಿಕ್ಕಿದಾಗ ಸುಮ್ಮನೆ ಅಪ್ಲೈ ಮಾಡಿದೆ, ಕೆಲಸ ಸಿಕ್ಕಿತು. "ಇಡೀ ಅಮೆರಿಕದಲ್ಲಿ ಎಕ್ಸ್‌ಪೈರಿ ಆಗಿರೋ ಔಷಧಿಗೆ ಸಂಬಳ ತಗೊಳ್ಳೋಳು ನೀನೊಬ್ಬಳೇ ಕಣೇ" ಎಂದು ನಮ್ಮವರು ನಾನು ನಿವೃತ್ತಳಾಗುವವರೆಗೂ ಅಣಕಿಸಿದರು. ಈಗಲೂ ಬಿಟ್ಟಿಲ್ಲ.

ನಮ್ಮ ಉಗ್ರಾಣದಲ್ಲಿ ಇದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಪೇಟೆಂಟ್ ಔಷಧಿಗಳು. ಹೆಸರಿಗೆ ಪೇಟೆಂಟ್, ಬಹುಪಾಲು ಯಾವುದಕ್ಕೂ ಪೇಟೆಂಟ್ ಇರಲಿಲ್ಲ. ಒಳಗೆ ಏನಿದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ, ಅಷ್ಟೇ. ಲಂಡನ್ನಿನಿಂದಲೂ ಅಮೆರಿಕದ ಊರುಗಳಿಂದಲೂ ಹಡಗು ಹತ್ತಿ ಬೊಂಬಾಯಿ, ಮದರಾಸು, ಬೆಂಗಳೂರಿನ ದಂಡಿನವರೆಗೆ ಹೋಗುತ್ತಿದ್ದವು. ಒಂದೇ ಸೀಸೆ ಚಳಿಜ್ವರಕ್ಕೂ ಆಗಬೇಕು, ಕೂದಲು ಉದುರುವುದಕ್ಕೂ ಆಗಬೇಕು, ಹಾವು ಕಚ್ಚಿದ್ದಕ್ಕೂ ಮನಸ್ಸಿನ ಬೇಸರಕ್ಕೂ ಆಗಬೇಕು. ಪರೀಕ್ಷೆ ಮಾಡಿ ನೋಡಿದರೆ ಎಷ್ಟೋ ಸೀಸೆಗಳಲ್ಲಿ ಇದ್ದದ್ದು ಬಣ್ಣ, ಸಕ್ಕರೆ, ಮತ್ತು ಹೆಂಡ. ಸರ್ವರೋಗಕ್ಕೂ ಸಾರಾಯಿ ಮದ್ದು ಎಂದು ನಮ್ಮ ಕಡೆ ಜನ ಗೇಲಿ ಮಾಡಲು ಹೇಳಿದ್ದನ್ನು ಈ ಮಹಾನುಭಾವರು ವ್ಯಾಪಾರವನ್ನಾಗಿಯೇ ಮಾಡಿಕೊಂಡಿದ್ದರು.

ಔಷಧಿಗಿಂತ ನನಗೆ ಇಷ್ಟವಾದವು ಜಾಹೀರಾತುಗಳು. ಒಂದು ಕರಪತ್ರ ಕನ್ನಡದ್ದೇ ಇತ್ತು. ಮೂಲ ಇಂಗ್ಲಿಷಿನಲ್ಲಿ ಅದು ಸೂಕ್ಷ್ಮ ನರಗಳ ದೊರೆಸಾನಿಯರಿಗಾಗಿ ಮಾಡಿದ ಔಷಧಿ. ಕನ್ನಡಕ್ಕೆ ತಂದ ಪುಣ್ಯಾತ್ಮ, ದೊರೆಸಾನಿಯರ ನರ ಕಟ್ಟಿಕೊಂಡು ತನಗೇನು ಎಂದುಕೊಂಡನೋ ಏನೋ, ಅತ್ತೆಯ ಮನೆಯಲ್ಲಿ ನಿದ್ದೆ ಬಾರದ ಸೊಸೆಯರಿಗೆ ಎಂದು ಬರೆದಿದ್ದ. ಅದನ್ನು ಡೊರೊಥಿಗೆ ವಿವರಿಸಿದಾಗ ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. "ಇವನು ಸುಳ್ಳುಗಾರ ಸರಿ, ಆದರೆ ಯಾರಿಗೆ ನಿದ್ದೆ ಬರುತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು" ಎಂದಳು. ಜಾಹೀರಾತು ಓದುವಾಗ ನಗುವುದರ ಜೊತೆಗೆ ಇದನ್ನೂ ನೋಡಬೇಕು ಎಂದು ನಾನು ಕಲಿತದ್ದು ಅವಳಿಂದ.

ನಾನು ಅವಳಿಗೆ ಕಲಿಸಿದ್ದು ಒಂದೇ ಒಂದು. ಆಗ ವಿವರ ಬರೆಯುವಾಗ ಸೀಸೆಯಲ್ಲಿ ಏನಿದೆ ಎಂಬ ಜಾಗದಲ್ಲಿ ಲೇಬಲ್ ಹೇಳಿದ್ದನ್ನೇ ಇಳಿಸಿಬಿಡುತ್ತಿದ್ದರು. ನಾನು ಒಪ್ಪಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಮಾಲ್ಟ್ ಪುಡಿಯ ಬಾಟಲಿಯಲ್ಲಿ ಉಪ್ಪಿನಕಾಯಿ ಇರುತ್ತದೆ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ ಇರುತ್ತದೆ, ಒಳ್ಳೆಯ ಗಾಜನ್ನು ನಾವು ಎಸೆಯುವುದಿಲ್ಲ ಎಂದು ಹೇಳಿದೆ. ಹಿಂದೂಸ್ತಾನದಿಂದ ಬಂದ ಸೀಸೆಯಾದರಂತೂ ಲೇಬಲ್ ಹೇಳುವುದೇ ಬೇರೆ, ಒಳಗಿರುವುದೇ ಬೇರೆ. ಕೊನೆಗೆ ಡೊರೊಥಿ ಎರಡು ಬೇರೆ ಬೇರೆ ಕಾಲಂ ಮಾಡಿಸಿದಳು. ಪರೀಕ್ಷೆಯ ವಿಧಾನವೂ ಬದಲಾಯಿತು. ಮೊದಲು ಒಂದು ಚಮಚದಷ್ಟು ತೆಗೆದು ಕಳಿಸಬೇಕಿತ್ತು, ಸೀಸೆಯೇ ಬರಿದಾಗುತ್ತಿತ್ತು. ನಾನು ಬಿಡುವ ಹೊತ್ತಿಗೆ ಯಂತ್ರಕ್ಕೆ ಒಂದು ಹನಿ ಸಾಕಾಗುತ್ತಿತ್ತು.

ಡೊರೊಥಿ ನಿವೃತ್ತಳಾದ ಮೇಲೆ ಬಂದವನು ಗ್ರೆಗ್. ಒಳ್ಳೆಯ ಮನುಷ್ಯ, ಜನರನ್ನು ಮ್ಯೂಸಿಯಂ ಒಳಗೆ ಎಳೆದು ತರುವುದು ಹೇಗೆಂದು ಅವನಿಗೆ ಗೊತ್ತಿತ್ತು. ಆದರೆ ತಲೆಬರಹ ಬರೆಯಲು ಕೂತರೆ ಆ ಹಳೆಯ ಜಾಹೀರಾತಿನವರೇ ಮೈಮೇಲೆ ಬರುತ್ತಿದ್ದರು. ಒಂದು ವರ್ಷ ಪೇಟೆಂಟ್ ಔಷಧಿಗಳ ಒಂದು ಸಣ್ಣ ಪ್ರದರ್ಶನವನ್ನು ಊರೂರಿಗೆ ಒಯ್ಯುವುದೆಂದು ತೀರ್ಮಾನವಾಯಿತು. ನಾಲ್ಕು ಗಂಟೆ ದಾರಿಯ ಲೆಮಾಂಟ್‌ನ ದೇವಸ್ಥಾನದಲ್ಲಿ ಕನ್ನಡದವರ ರಾಜ್ಯೋತ್ಸವ ನಡೆಯುತ್ತದೆ, ಅಲ್ಲೂ ಇಡೋಣ, ಫಲಕಗಳನ್ನು ಕನ್ನಡದಲ್ಲೂ ಬರೆ ಎಂದ. ಮಕ್ಕಳನ್ನು ಮಲಗಿಸುವ ಔಷಧಿಗಳ ಫಲಕಕ್ಕೆ ಅವನಿಟ್ಟ ತಲೆಬರಹದ ಅರ್ಥ, ತೊಟ್ಟಿಲಲ್ಲೇ ಕೊಂದ ಔಷಧಿ. ಕೆಳಗೆ, ಇವುಗಳಲ್ಲಿ ಅಫೀಮು ಇತ್ತು, ತಾಯಂದಿರು ತಮ್ಮ ಕೈಯಾರೆ ಹಾಕಿದರು, ಮಲಗಿದ ಮಕ್ಕಳು ಏಳಲಿಲ್ಲ ಎಂದಿತ್ತು. ಇಷ್ಟು ಒರಟು ಬೇಡ ಎಂದು ನಾನು ಹೇಳಿದೆ. ಇದರಲ್ಲಿ ಯಾವುದು ಸುಳ್ಳು ಹೇಳು ಎಂದು ಅವನು ಕೇಳಿದ. ಸುಳ್ಳು ಯಾವುದೂ ಇರಲಿಲ್ಲ, ಹಾಗಾಗಿ ಕನ್ನಡಕ್ಕೆ ಮಾಡಿಕೊಟ್ಟೆ.

ಇನ್ನು ಮುಂದೆ ಹೇಳುವುದೇ ನಾನು ನಿಜವಾಗಿ ಹೇಳಬೇಕೆಂದಿರುವುದು.

ಲೆಮಾಂಟ್‌ನಲ್ಲಿ ದೇವಸ್ಥಾನದ ಕೆಳಗಿನ ಹಾಲ್‌ನಲ್ಲಿ ಒಂದು ಗೋಡೆಯ ಉದ್ದಕ್ಕೂ ನಮ್ಮ ಮೇಜುಗಳು. ಆ ಕಡೆ ವೇದಿಕೆಯ ಮೇಲೆ ಮಕ್ಕಳ ಡ್ಯಾನ್ಸಿಗೆ ಮೈಕ್ ಸರಿಮಾಡುತ್ತಿದ್ದರು, ಈ ಕಡೆ ಬಿಸಿಬೇಳೆಬಾತಿನ ಕ್ಯೂ. ಐವತ್ತು ದಾಟಿದ ಹೆಂಗಸೊಬ್ಬರು ನಗುನಗುತ್ತಾ ನನ್ನ ಮೇಜಿಗೆ ಬಂದರು. ಅಲ್ಲೇ ಹತ್ತಿರದ ನೇಪರ್‌ವಿಲ್‌ನವರು, ಹೆಸರು ವೀಣಾ. ಜೊತೆಗೆ ಅವರ ಮಗಳು ಮೇಘನಾ, ಅವಳ ಎದೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಎರಡು ತಿಂಗಳ ಹೆಣ್ಣುಮಗು. ಹಿಂದೆ ನಿಧಾನವಾಗಿ ಬರುತ್ತಿದ್ದವರು ವೀಣಾ ಅವರ ತಾಯಿ ಶಾರದಮ್ಮ. ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಬಿಳಿ ಶೂ.

"ಇಂಥದ್ದೇ ಸೀಸೆ ನಮ್ಮನೇಲೂ ಇದೆ ಲಲಿತಾ ಅವರೇ," ಎಂದರು ವೀಣಾ, ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ. "ಲೇಬಲ್ ಮೇಲೆ ಇದೇ ತೊಟ್ಟಿಲು, ಪಕ್ಕದಲ್ಲಿ ಇದೇ ದೊರೆಸಾನಿ. ನಮ್ಮಪ್ಪನ ತಾತ ದಂಡಿನಲ್ಲಿ ಇಂಗ್ಲಿಷರ ಔಷಧಿ ಅಂಗಡೀಲಿ ಕಂಪೌಂಡರ್ ಆಗಿದ್ರಂತೆ. ಆವಾಗಿಂದ ನಮ್ಮನೇಲಿ ಹುಟ್ಟಿದ ಮಕ್ಕಳಿಗೆಲ್ಲ ಅದರಿಂದಾನೇ ನೆಕ್ಕಿಸೋದು. ಆ ಸೀಸೇನ ಖಾಲೀನೇ ಮಾಡಲ್ಲ, ತೊಳೆಯೋದೂ ಇಲ್ಲ. ಕಮ್ಮಿಯಾದಾಗ ಮನೇಲಿ ದೊಡ್ಡೋರು ಯಾರಿರ್ತಾರೋ ಅವರು ಬಜೆ ಸುಟ್ಟು, ಹರಳೆಣ್ಣೇಲಿ ತೇಯ್ದು ಮೇಲೆ ಹಾಕೋದು. ಹೆಪ್ಪಿನ ಥರ. ಹಳೇದು ಒಂಚೂರು ಇದ್ರೇನೇ ಹೊಸದಕ್ಕೆ ಗುಣ ಅಂತ ನಮ್ಮಜ್ಜಿ ಹೇಳೋರು."

"ಆಂಟಿ, ಐ ಜಸ್ಟ್ ವಾಂಟೆಡ್ ಟು ಟಚ್ ಇಟ್ ಟು ಹರ್ ಲಿಪ್ಸ್ ಅಟ್ ದ ನೇಮಿಂಗ್," ಎಂದಳು ಮೇಘನಾ. "ಒನ್ ಫೋಟೋ. ಅಜ್ಜಿ ವೋಂಟ್ ಈವನ್ ಶೋ ಮಿ ದ ಬಾಟಲ್."

"ನಮ್ಮಮ್ಮ ಹಾಗೇ ಮೊದಲಿಂದಾನೂ," ಎಂದು ವೀಣಾ ನಕ್ಕರು. "ಅಡುಗೆ ಮಾಡಿ ಹಾಕ್ತಾರೆ, ಎಣ್ಣೆ ಒತ್ತಿ ನೀರು ಹಾಕ್ತಾರೆ. ಔಷಧಿ ಮಾತ್ರ ಕೇಳಬೇಡಿ. ನಮಗೆ ಜ್ವರ ಬಂದ್ರೆ ಅಪ್ಪಾನೇ ಆಫೀಸಿಂದ ಬಂದು ಕುಡಿಸಬೇಕಿತ್ತು. ಅಮ್ಮ ಆ ಕೋಣೆಗೂ ಬರ್ತಿರಲಿಲ್ಲ."

ನಗುತ್ತಲೇ ಹೇಳಿದರೂ ಅದು ಬಹಳ ದಿನದಿಂದ ಒಳಗಿದ್ದ ನೋವು ಎಂದು ನನಗೆ ಅನ್ನಿಸಿತು. ಶಾರದಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಕನ್ನಡದ ಫಲಕದ ಮುಂದೆ ನಿಂತಿದ್ದರು. ಒಂದೊಂದು ಸಾಲಿಗೂ ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಮೇಜಿನ ಅಂಚು ಹಿಡಿದುಕೊಂಡರು. ನಾನು ಹೋಗಿ ಕುರ್ಚಿ ಕೊಟ್ಟೆ. ಮಗು ಅಳಲು ಶುರುಮಾಡಿದ್ದರಿಂದ ಮೇಘನಾ ಅದನ್ನು ಹೊರಗೆ ಕರೆದುಕೊಂಡು ಹೋದಳು, ವೀಣಾ ಊಟದ ತಟ್ಟೆ ತರಲು ಹೋದರು.

"ಅಫೀಮು ಎಲ್ಲಾ ಸೀಸೇಲೂ ಇತ್ತೇನಮ್ಮ?" ಎಂದು ಕೇಳಿದರು ಶಾರದಮ್ಮ.

"ಎಲ್ಲದರಲ್ಲೂ ಅಲ್ಲಮ್ಮ. ಮಕ್ಕಳನ್ನ ಮಲಗಿಸೋ ಸೀಸೆಗಳಲ್ಲಿ ಬಹಳಷ್ಟರಲ್ಲಿ ಇತ್ತು."

"ನನ್ನ ಸೀಸೇಲಿ ಇದೆಯಾ ಅಂತ ನೀವು ನೋಡಿ ಹೇಳಬಹುದಾ?"

ನೋಡಬಹುದು ಎಂದೆ. ಯಾಕೆ ಎಂದು ಕೇಳಲಿಲ್ಲ. ಅವರೇ ಹೇಳಿದರು, ವೇದಿಕೆಯ ಮೇಲೆ ಹಾಡು ಜೋರಾಗಿ ಕೇಳುತ್ತಿದ್ದಾಗ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ವೀಣಾ ಹುಟ್ಟುವುದಕ್ಕೆ ಬಹಳ ಮುಂಚೆ ಅವರಿಗೆ ಇನ್ನೊಂದು ಹೆಣ್ಣುಮಗು ಇತ್ತು. ಗಿರಿಜಾ. ಆಗ ಶಾರದಮ್ಮನವರಿಗೆ ಇಪ್ಪತ್ತೂ ತುಂಬಿರಲಿಲ್ಲ, ಮನೆ ನಂಜನಗೂಡಿನಲ್ಲಿ. ಮಗುವಿಗೆ ಮೂರು ತಿಂಗಳಾಗಿದ್ದಾಗ ಜ್ವರ ಬಂತು. ಹಗಲು ರಾತ್ರಿ ಅಳು, ಹಾಲು ಹಿಡಿಯದು. ಅತ್ತೆ ಸೀಸೆ ತೆಗೆದುಕೊಟ್ಟು, ಬೆರಳಿಗೆ ಹಚ್ಚಿಕೊಂಡು ನೆಕ್ಕಿಸು, ಮಲಗುತ್ತೆ ಎಂದರು. ನೆಕ್ಕಿಸಿದರು. ಮಗು ಮಲಗಿತು. ಅಷ್ಟು ದಿನ ಕಣ್ಣು ಮುಚ್ಚದ ಬಾಣಂತಿ, ಅಬ್ಬಾ ಎಂದುಕೊಂಡು ಪಕ್ಕದಲ್ಲಿ ತಾವೂ ಮಲಗಿದರು. ಎಚ್ಚರವಾದಾಗ ಮಗು ತಣ್ಣಗಾಗಿತ್ತು.

"ಋಣ ಇಷ್ಟೇ ಅಂದ್ರು ನಮ್ಮತ್ತೆ. ಒಳ್ಳೆಯೋರು, ನನ್ನ ಒಂದು ಮಾತೂ ಅನ್ನಲಿಲ್ಲ. ನಾನೇ ಆ ಸೀಸೆ ಬಿರಡೆಗೆ ಅರಗು ಹಾಕಿ ಮುಚ್ಚಿಬಿಟ್ಟೆ. ಆಮೇಲೆ ವೀಣಾ ಹುಟ್ಟಿದಾಗ, ಅವಳ ತಮ್ಮ ಹುಟ್ಟಿದಾಗ, ಅತ್ತೆ ನೋಡ್ತಿರೋವಾಗ ಬರೀ ಬೆರಳು ಬಾಯಿಗೆ ಇಟ್ಟೆ. ಸೀಸೆ ತೆಗೆಯಲಿಲ್ಲ."

"ಅದನ್ನ ಎಸೀಬಹುದಿತ್ತಲ್ಲಮ್ಮ."

"ಎಸೆದರೆ ಯಾರಾದ್ರೂ ಆರಿಸ್ಕೊಂಡು ಹೋಗಿ ಅವರ ಮಕ್ಕಳಿಗೆ ಹಾಕ್ತಾರೆ. ಬಿಟ್ಟು ಬಂದ್ರೆ ಮನೇಲಿ ಯಾರಾದ್ರೂ ಹಾಕ್ತಾರೆ. ಅದಕ್ಕೇ ಇಲ್ಲಿವರೆಗೂ ನನ್ನ ಜೊತೇಲೇ ತಂದೆ, ಸೀರೆ ಮಧ್ಯೆ ಸುತ್ತಿ. ಈಗ ಈ ಹುಡುಗಿ ಫೋಟೋಗೆ ಬೇಕು ಅಂತಾಳೆ."

ಆ ಸೀಸೆಯಲ್ಲಿ ಮೂಲ ಔಷಧಿ ಉಳಿದಿರುವ ಸಾಧ್ಯತೆಯೇ ಕಡಿಮೆ ಎಂದು ನಾನು ಹೇಳಲು ನೋಡಿದೆ. ಎಷ್ಟು ಸಲ ಮೇಲೆ ಎಣ್ಣೆ ಹಾಕಿದ್ದಾರೋ, ಎಷ್ಟು ಮಕ್ಕಳು ನೆಕ್ಕಿದ್ದಾವೋ. ಅವರು ಇಲ್ಲವೆಂಬಂತೆ ತಲೆಯಾಡಿಸಿದರು.

"ಒಂದು ಚಮಚ ಮೊಸರು ಒಂದು ಕೊಳಗ ಹಾಲನ್ನ ಹೆಪ್ಪು ಮಾಡುತ್ತೆ. ನಾಳೆ ಅದರಲ್ಲಿ ಒಂದು ಚಮಚ ತೆಗೆದರೆ ಇನ್ನೊಂದು ಕೊಳಗ. ಹುಳಿ ಕಮ್ಮಿಯಾಗುತ್ತೇನು? ಅಫೀಮೂ ಹಾಗೇ ಅಲ್ಲವೇನಮ್ಮ? ಇವತ್ತು ಆ ಬೋರ್ಡ್ ಓದಿದ ಮೇಲೆ ನಂಗೆ ಗೊತ್ತಾಯ್ತು. ತಾತನ ಕಾಲದ್ದು ಅಷ್ಟೂ ಕಾಲ ಒಳಗೇ ಇತ್ತು."

ಆ ಮನೆಯ ಹೆಂಗಸರು ತಲೆತಲಾಂತರದಿಂದ ನಂಬಿಕೊಂಡು ಬಂದದ್ದನ್ನೇ ಅವರು ಹೇಳುತ್ತಿದ್ದರು. ಗುಣ ಬೆಳೆಯುವುದಾದರೆ ವಿಷವೂ ಬೆಳೆಯಬೇಕಲ್ಲ.

"ಹೆಪ್ಪಿಗೆ ಜೀವ ಇರುತ್ತಮ್ಮ, ಅದು ಬೆಳೆಯುತ್ತೆ," ಎಂದೆ. "ಅಫೀಮಿಗೆ ಜೀವ ಇಲ್ಲ. ಪ್ರತಿ ಸಲ ಎಣ್ಣೆ ಹಾಕಿದಾಗಲೂ ತೆಳ್ಳಗಾಗ್ತಾ ಹೋಗುತ್ತೆ."

"ಖಂಡಿತಾನಾ?"

"ತಿಳಿದ ಮಟ್ಟಿಗೆ ಹೇಳ್ತಿದೀನಿ. ಖಂಡಿತ ಅನ್ನಬೇಕಾದರೆ ಪರೀಕ್ಷೆ ಮಾಡಬೇಕು. ಆದರೆ ಅಮ್ಮ, ಪರೀಕ್ಷೆ ಮಾಡಿದ್ರೆ ಬೇಡದ ಉತ್ತರಾನೂ ಬರಬಹುದು. ಗೊತ್ತಾಗದೇ ಇರೋದೇ ವಾಸಿ ಅನ್ನಿಸಿದ್ರೆ ಇಲ್ಲಿಗೇ ಬಿಟ್ಟುಬಿಡೋಣ."

"ಇಷ್ಟು ವರ್ಷ ಗೊತ್ತಾಗದೇನೇ ಇದ್ದೀನಲ್ಲಮ್ಮ," ಎಂದರು ಅವರು. "ಅದು ಹೇಗಿರುತ್ತೆ ಅಂತ ನಂಗೊತ್ತು."

ಮರುದಿನ ಬೆಳಗ್ಗೆ ನೇಪರ್‌ವಿಲ್‌ಗೆ ಹೋಗಿ ಸೀಸೆ ಈಸಿಕೊಂಡೆ. ಮ್ಯೂಸಿಯಂಗೆ ನೋಡಲು ಬೇಕಂತೆ ಎಂದಷ್ಟೇ ಶಾರದಮ್ಮ ಮಗಳಿಗೆ ಹೇಳಿದ್ದರು. ಒಂದು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಕೈಯಿಂದ ಬಿಡುವ ಮೊದಲು ಅರಗು ಬಿರುಕು ಬಿಟ್ಟಿಲ್ಲವೆಂದು ಹೆಬ್ಬೆರಳಿಂದ ಸವರಿ ನೋಡಿದರು. ನಾನು ಅದನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ, ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಆನ್ ಆರ್ಬರ್‌ವರೆಗೂ ನಿಧಾನವಾಗಿ ಡ್ರೈವ್ ಮಾಡಿಕೊಂಡು ಬಂದೆ. ಹಿಂದಿನ ಟ್ರಕ್ಕಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಮ್ಮ ಸೀಸೆಗಳನ್ನು ನೋಡುತ್ತಿದ್ದ ಗೆಳತಿಯೊಬ್ಬಳಿದ್ದಳು. ಬಿರಡೆಯನ್ನು ಕೀಳದೆ ಉದ್ದನೆಯ ಸೂಜಿ ಇಳಿಸಿ ಒಂದು ಹನಿ ತೆಗೆದಳು. ಎಣ್ಣೆ ಗಟ್ಟಿಯಾಗಿ ಅಂಟಂಟಾಗಿತ್ತು. ಒಂದು ಸಮಾಧಾನವೆಂದರೆ, ಅರಗು ಹಾಕಿದ ದಿನದಿಂದ ಆ ಸೀಸೆಗೆ ಯಾರೂ ಏನೂ ಸೇರಿಸಿರಲಿಲ್ಲ. ಗಿರಿಜಾ ನೆಕ್ಕಿದ್ದು ಯಾವುದೋ, ಒಳಗೆ ಇದ್ದದ್ದೂ ಅದೇ. ಸಮಾಧಾನ ಎಂದೆ, ಭಯವೂ ಅದೇ ಆಗಿತ್ತು.

ಉತ್ತರ ಬರಲು ಕೆಲವು ವಾರ ಹಿಡಿಯಿತು. ಒಂದು ಸಂಜೆ ನಮ್ಮವರು ಚಪಾತಿ ಲಟ್ಟಿಸುತ್ತಾ ಕೇಳಿದರು, "ಅಫೀಮು ಇದೆ ಅಂತ ಬಂದ್ರೆ ಏನ್ಮಾಡ್ತೀಯ?"

"ಹೇಳ್ತೀನಿ."

"ಅಷ್ಟು ವಯಸ್ಸಾದೋರಿಗೆ? ಇಲ್ಲ ಅಂತ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ನಾನು ಸಿಡುಕಿದೆ. ಸಮಾಧಾನ ಮಾಡಲೆಂದು ಸುಳ್ಳು ಹೇಳುವುದಾದರೆ, ಹೆಂಡಕ್ಕೆ ಬಣ್ಣ ಕಲಸಿ ಎಲ್ಲ ವಾಸಿಯಾಗುತ್ತದೆ ಎಂದು ಅಚ್ಚು ಹಾಕಿಸಿದವರಿಗೂ ನನಗೂ ಏನು ವ್ಯತ್ಯಾಸ ಎಂದು ಕೇಳಿದೆ. ಅವರು ಲಟ್ಟಿಸಿದ ಚಪಾತಿಯನ್ನು ಹೆಂಚಿಗೆ ಹಾಕಿದರು. ನನಗೂ ಅಷ್ಟೊಂದು ಧೈರ್ಯವೇನೂ ಇರಲಿಲ್ಲ. ಆ ವಾರಗಳಲ್ಲಿ ಫೋನ್ ಬಂದಾಗಲೆಲ್ಲ ಮೊದಲು ಯಾರ ನಂಬರ್ ಎಂದು ನೋಡಿ ಆಮೇಲೆ ಎತ್ತಿಕೊಳ್ಳುತ್ತಿದ್ದೆ. ಹೊಸಬರಿಗೆ ಇದನ್ನು ಹೇಳಬೇಕು: ಹಳೆಯ ವಸ್ತುಗಳ ಕೆಲಸದಲ್ಲಿ ಸತ್ತವರ ಜೊತೆ ಮಾತ್ರ ವ್ಯವಹಾರ ಎಂದುಕೊಂಡು ಬರುತ್ತೀರಿ. ಹಾಗಿರುವುದಿಲ್ಲ.

ಗೆಳತಿ ಫೋನ್ ಮಾಡಿದ್ದು ಒಂದು ಶುಕ್ರವಾರ. ಹರಳೆಣ್ಣೆ, ಬಜೆ, ಸ್ವಲ್ಪ ದೀಪದ ಮಸಿ. ಅಫೀಮಿನದು ಏನೂ ಸಿಗಲಿಲ್ಲ. ಮತ್ತೊಮ್ಮೆ ನೋಡು ಎಂದೆ. ಎರಡು ಸಲ ನೋಡಿದ್ದೇನೆ, ಯಂತ್ರಕ್ಕೆ ಕಾಣದಷ್ಟು ಎಲ್ಲೋ ಒಂದು ಕಣ ಇದ್ದರೂ ಅದರಿಂದ ಒಂದು ಇರುವೆಗೂ ನಿದ್ದೆ ಬಾರದು ಎಂದಳು. ಫೋನ್ ಇಟ್ಟು ನಾನು ಉಗ್ರಾಣದಲ್ಲಿ ಕೂತು ಅತ್ತೆ.

ಫೋನಿನಲ್ಲಿ ಹೇಳುವ ಸುದ್ದಿಯಾಗಿರಲಿಲ್ಲ. ಶನಿವಾರ ಬೆಳಗ್ಗೆ ಹೊರಟೆ. ದಾರಿಯಲ್ಲಿ ಕಾಲಮಜೂ ಎಂಬ ಊರು ದಾಟಿದ ಮೇಲೆ ದೊಡ್ಡ ಸರೋವರದ ಕಡೆಯಿಂದ ಹಿಮ ಸುರಿಯತೊಡಗಿತು, ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ನೇಪರ್‌ವಿಲ್‌ನ ಆ ಬಡಾವಣೆ ಸೇರಿದಾಗ ಅವರ ಮನೆಯಲ್ಲಿ ಒಗ್ಗರಣೆಯ ವಾಸನೆ. ಮೇಘನಾ ಮಗುವನ್ನು ಕರೆದುಕೊಂಡು ವಾರಾಂತ್ಯಕ್ಕೆ ಅಲ್ಲೇ ಬಂದಿದ್ದಳು. ಶಾರದಮ್ಮ ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ಒಳಗೆ ಹೋಗಿ ಮಾತಾಡೋಣವಾ ಅಮ್ಮ?" ಎಂದೆ.

"ಬೇಡ. ವೀಣಾಗೂ ಕೇಳಿಸಲಿ. ಏನೇ ಇದ್ದರೂ ಅವಳಿಗೂ ಗೊತ್ತಾಗಲಿ." ಆಮೇಲೆ ಮಗಳ ಕಡೆ ತಿರುಗಿ, ನನಗೆ ಹೇಳಿದ್ದಷ್ಟನ್ನೂ ಅವರೇ ಹೇಳಿದರು. ಅಕ್ಕ ಒಬ್ಬಳು ಇದ್ದಳೆಂದು ವೀಣಾ ಅವರಿಗೆ ಗೊತ್ತಿತ್ತು. ಸೀಸೆಯ ವಿಷಯ ಗೊತ್ತಿರಲಿಲ್ಲ. ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಒಲೆ ಆರಿಸಿದವಳು ಮೇಘನಾ.

"ಈಗ ಹೇಳಮ್ಮ," ಎಂದರು ಶಾರದಮ್ಮ.

"ಅಫೀಮು ಇಲ್ಲಮ್ಮ. ಹರಳೆಣ್ಣೆ, ಬಜೆ. ಈಗಿನ ಡಾಕ್ಟರು ಮಕ್ಕಳಿಗೆ ಅದನ್ನೂ ಹಾಕಬೇಡಿ ಅಂತಾರೆ, ನಾನೂ ಹಾಗೇ ಹೇಳ್ತೀನಿ. ಆದರೆ ಬೆರಳ ತುದೀಲಿ ನೆಕ್ಕಿಸಿದಷ್ಟರಿಂದ ಮಗು ಹೋಗಲ್ಲ. ಅದು ಹೋಗಿದ್ದು ನಿಮ್ಮ ಕೈಯಿಂದ ಅಲ್ಲಮ್ಮ."

ಅವರು ಇನ್ನೊಂದು ಹುರುಳಿಕಾಯಿ ಎತ್ತಿಕೊಂಡು ನಾರು ತೆಗೆದು ಪಕ್ಕಕ್ಕಿಟ್ಟರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ.

"ಹಾಗಾದ್ರೆ ಯಾಕೆ ಹೋಯ್ತು?"

"ಅದನ್ನ ಹೇಳೋ ಯಂತ್ರ ಇಲ್ಲಮ್ಮ. ಜ್ವರ ಇತ್ತು ಅಂದ್ರಲ್ಲ."

"ಇತ್ತು." ಒಂದೊಂದೇ ಮಾತನ್ನು ಹುಡುಕಿ ತೆಗೆಯುವಂತೆ ಅವರು ಹೇಳಿದರು. "ಆ ತಿಂಗಳು ನಮ್ಮ ಬೀದೀಲಿ ಇನ್ನೂ ಎರಡು ಮಕ್ಕಳು ಹೋದವು. ಅದೇ ಜ್ವರ. ಎದುರುಮನೆ ಸಾವಿತ್ರಿದು ಒಂದು, ಆ ಕಡೆ ಮೂಲೆಮನೇದು ಒಂದು." ಆಮೇಲೆ ಮಗಳನ್ನು ನೋಡಿದರು. "ಅವರ ಮನೇಲಿ ಈ ಸೀಸೆ ಇರಲಿಲ್ಲ ಕಣೇ ವೀಣಾ."

ವೀಣಾ ತಾಯಿಯ ಪಕ್ಕ ನೆಲದ ಮೇಲೇ ಕೂತು ಅವರ ಮೊಣಕಾಲಿನ ಮೇಲೆ ತಲೆಯಿಟ್ಟರು. "ನಂಗೆ ಜ್ವರ ಬಂದಾಗ ನೀನು ಬಾಗಿಲಾಚೆ ನಿಂತ್ಕೊಂಡಿರ್ತಿದ್ದೆ ಅಲ್ವಾಮ್ಮ," ಎಂದರು. "ನಿನ್ನ ಕಾಲು ಕಾಣ್ತಿತ್ತು. ನಿಂಗೆ ನಾನು ಬೇಡ ಅಂತ ಅಂದ್ಕೊಂಡಿದ್ದೆ." ಶಾರದಮ್ಮ ಮಗಳ ನರೆತ ಕೂದಲಲ್ಲಿ ಬೆರಳಾಡಿಸಿದರು. ಮೂವರಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನಾನು ಆ ಹುರುಳಿಕಾಯಿಯನ್ನು ನನ್ನ ಕಡೆಗೆ ಎಳೆದುಕೊಂಡು ಮುರಿಯುತ್ತಾ ಕೂತೆ.

ಸೀಸೆಯನ್ನು ಮ್ಯೂಸಿಯಂನಲ್ಲೇ ಇಟ್ಟುಕೊಳ್ಳಿ ಎಂದರು ಶಾರದಮ್ಮ, ಆದರೆ ಆ ಬೋರ್ಡಿನ ಪಕ್ಕದಲ್ಲಿ ಬೇಡ. ಸೋಮವಾರ ನಾನು ಗ್ರೆಗ್‌ಗೆ ಎಲ್ಲವನ್ನೂ ಹೇಳಿ ಆ ತಲೆಬರಹ ತೆಗೆಯಬೇಕು ಎಂದೆ. ಅವನು ವಾದ ಮಾಡಲಿಲ್ಲ, ತಾನೇ ಹೋಗಿ ಕಿತ್ತುಹಾಕಿದ. ಹೊಸ ಫಲಕದಲ್ಲಿ, ಒಳಗೆ ಏನಿದೆಯೆಂದು ಮಾರುವವರು ತಾಯಂದಿರಿಗೆ ಹೇಳಲಿಲ್ಲ ಎಂದು ಬರೆದೆವು. ಅದೂ ನಿಜವೇ ಆಗಿತ್ತು.

ಆ ಶನಿವಾರದ್ದು ಇನ್ನೊಂದಿಷ್ಟು ಹೇಳಿದರೆ ನನ್ನ ಮಾತು ಮುಗಿಯಿತು. ಊಟಕ್ಕೆ ಮುಂಚೆ ಮೇಘನಾ ಮಗುವನ್ನೂ ವಿಟಮಿನ್ ಡಿ ಸೀಸೆಯನ್ನೂ ತಂದಳು. ಇಲ್ಲಿ ತಾಯಿಹಾಲು ಕುಡಿಯುವ ಮಕ್ಕಳಿಗೆ ದಿನಾ ಹಾಕಲು ಡಾಕ್ಟರು ಕೊಡುತ್ತಾರೆ. ವೀಣಾ ಕೈ ಚಾಚಿದರು. ಅವರಿಗಿಂತ ಮೊದಲು ಶಾರದಮ್ಮ ಚಾಚಿದ್ದರು.

"ಕೊಡು ಇಲ್ಲಿ," ಎಂದರು. ಸೀಸೆಯನ್ನು ನನಗೆ ಕೊಟ್ಟು, "ಏನೇನಿದೆ ಓದಮ್ಮ ಇದರಲ್ಲಿ," ಎಂದರು. ನಾನು ಸಣ್ಣ ಅಕ್ಷರದಲ್ಲಿದ್ದುದನ್ನು ಒಂದೂ ಬಿಡದೆ ಓದಿ ಕನ್ನಡದಲ್ಲಿ ಹೇಳಿದೆ. ಅವರು ಪ್ರತಿಯೊಂದಕ್ಕೂ ಹೂಂ ಎಂದರು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಡ್ರಾಪರ್‌ನಿಂದ ಹಾಕಿದರು. ಮಗು ನಾಲಗೆ ಚಪ್ಪರಿಸಿತು. ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅದರ ಕಣ್ಣು ಎಳೆಯತೊಡಗಿ, ಹಾಗೇ ನಿದ್ದೆಹೋಯಿತು.

"ಐ ಕ್ಯಾನ್ ಟೇಕ್ ಹರ್, ಅಜ್ಜಿ," ಎಂದಳು ಮೇಘನಾ. ಅವರು ಕೊಡಲಿಲ್ಲ. ನಾವು ತಟ್ಟೆ ಹಾಕಿದೆವು, ಅವರು ಏಳಲಿಲ್ಲ. ಸಾರು ಆರಿತು. ಯಾರೂ ಊಟಕ್ಕೆ ಕೂರಲಿಲ್ಲ, ಯಾರೂ ಟಿವಿ ಹಾಕಲಿಲ್ಲ. ಅವರು ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತಿದ್ದರು, ನಾವು ಮೂವರೂ ಅವರನ್ನು ನೋಡುತ್ತಾ ನಿಂತಿದ್ದೆವು. ಎಷ್ಟೋ ಹೊತ್ತಾದ ಮೇಲೆ ಮಗು ಮೈಮುರಿಯಿತು. ಮುಖ ಕಿವುಚಿ, ಕಣ್ಣು ಬಿಟ್ಟು, ಹಸಿವಿಗೆ ಜೋರಾಗಿ ಅಳತೊಡಗಿತು.

"ಎದ್ದಳು," ಎಂದರು ಶಾರದಮ್ಮ. ಆಗ ಅವರ ಕಣ್ಣಲ್ಲಿ ನೀರು ಇಳಿಯಿತು. "ವೀಣಾ, ನೋಡು, ಎದ್ದಳು ಕಣೇ."